ಮನ್ಯಾಗ ನೆಟ್ ಬರ್ತದೇನ್ರಿ?

ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ದಿನವಿಡೀ ಏನೂ ಘಟಿಸುವುದಿಲ್ಲ ಎಂದು ಆಫೀಸಿಗೆ ಹೋಗುವವರು ತಿಳಿದುಕೊಂಡಿರುತ್ತಾರೆ. ಅವರೂ ಒಮ್ಮೆ ಮನೆಗೆ ನೆಟ್ ಹಾಕಿಸಿ ನೋಡಬೇಕು. ಯಾವ ಕಂಪನಿಯದು ಒಳ್ಳೆಯದು, ವೈರಿನದೋ ಸಿಮ್ಮಿನದೋ ಎಂದು ನಾಲ್ಕು ಮಂದಿಯನ್ನು ಕೇಳಿಕೊಂಡು ಹೊರಟರೆ ಸಾಕು, ಓಣಿಗೆ ಓಣಿಯೇ ಪರಿಚಯವಾಗಿ ಕಥೆಗಳು ತಾವಾಗಿ ಬಾಗಿಲಿಗೆ ಬರುತ್ತವೆ.

ನನ್ನ ಕೆಲಸ ಮಾತು ದಾಟಿಸುವುದು. ಮರಾಠಿಯದನ್ನು ಕನ್ನಡಕ್ಕೆ, ಕನ್ನಡದ್ದನ್ನು ಮರಾಠಿಗೆ. ನಮ್ಮ ಕಡೆ ಇದೇನು ದೊಡ್ಡ ವಿದ್ಯೆಯಲ್ಲ; ಚಿಕ್ಕವಳಿದ್ದಾಗ ಅವ್ವ ಮರಾಠಿಯಲ್ಲಿ ಬೈದರೆ ಅಪ್ಪ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಈಗ ಅದನ್ನೇ ವಿಡಿಯೊ ಕಾಲ್‌ನಲ್ಲಿ ಮಾಡುತ್ತೇನೆ. ಎರಡು ಕಡೆಯವರ ನಡುವೆ ಪರದೆಯ ಮೂಲೆಯಲ್ಲಿ ಕೂತು, ಇವರು ಹೇಳಿದ್ದನ್ನು ಅವರಿಗೆ, ಅವರು ಹೇಳಿದ್ದನ್ನು ಇವರಿಗೆ ಹೇಳುವುದು. ಮಾತಿನ ನಡುವೆ ನೆಟ್ ಹೋದರೆ ನಾನೂ ಹೋದಂತೆ. ಹೋದವಳನ್ನು ಇನ್ನೊಮ್ಮೆ ಯಾರೂ ಕರೆಯುವುದಿಲ್ಲ.

ಹಾಗಾಗಿ ನಮ್ಮ ಮನೆಯವರಿಗೆ ಭಾಲ್ಕಿಯಿಂದ ಬೀದರದ ಶಾಲೆಗೆ ವರ್ಗವಾದಾಗ ಅವರು ನೀರಿರುವ ಮನೆ ಹುಡುಕಿದರು, ನಾನು ನೆಟ್ ಇರುವ ಮನೆ ಹುಡುಕಿದೆ.

ಸತ್ತ ಮೂಲೆ

ಮೊದಲು ನೋಡಿದ್ದೇ ಈಗ ನಾವಿರುವ ಮನೆ. ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ. ಮಾಲೀಕರ ಹೆಂಡತಿ ಕೀಲಿಕೈ ಹಿಡಿದು ಜೊತೆಗೆ ಬಂದರು. "ನೀರ ಮಸ್ತ್ ಅದ್ರಿ, ಗಾಳಿ ಅಂತೂ ಕೇಳಬ್ಯಾಡ್ರಿ" ಎಂದು ಒಂದೊಂದೇ ಬಾಗಿಲು ತೆಗೆದರು.

ನಾನು ಗಾಳಿಯ ಕಡೆ ನೋಡಲಿಲ್ಲ. ಫೋನನ್ನು ಎದೆಯೆತ್ತರಕ್ಕೆ ಹಿಡಿದು, ಸಿಗ್ನಲ್ಲಿನ ಕಡ್ಡಿಗಳ ಮೇಲೆ ಕಣ್ಣಿಟ್ಟು, ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಕೋಣೆಯಿಂದ ಕೋಣೆಗೆ ನಡೆದೆ. ಗೋಡೆಯ ಹತ್ತಿರ ನಿಂತೆ, ತಿರುಗಿದೆ, ಕಪಾಟಿನೊಳಗೂ ಫೋನು ಚಾಚಿದೆ. ಆಕೆ ಉಸಿರು ಬಿಗಿಹಿಡಿದು ಹಿಂದೆಯೇ ಬರುತ್ತಿದ್ದರು.

ನಮ್ಮ ಮನೆಯವರು ಹೊರಗಿನಿಂದ ಕೂಗಿದರು. "ಅಡಿಗಿ ಮನ್ಯಾಗ ಹ್ಯಾಂಗ?"

"ಏನೂ ಇಲ್ರಿ."

"ಒಳಗಿನ ಕೋಲಿ?"

"ಈ ಮೂಲಿ ಪೂರಾ ಸತ್ತದ. ಕಿಡಕಿ ಕಡಿ ಮಾತ್ರ ಜೀವ ಅದ."

ಮಾಲೀಕರ ಹೆಂಡತಿ ಸೆರಗು ಹೊದ್ದುಕೊಂಡರು. "ಅಕ್ಕೋರೆ, ಕೆಳಗ ನಮ್ಮ ಮನೀನೂ ಜರಾ ನೋಡಿ ಹೋಗ್ರಿ" ಎಂದರು. ಎಂಥ ಒಳ್ಳೆಯ ಮನಸ್ಸು, ಕೆಳಗೂ ಮೇಲೂ ಹೋಲಿಸಿ ನೋಡಲಿ ಅಂತ ಕರೆಯುತ್ತಿದ್ದಾರೆ ಎಂದುಕೊಂಡು ಹೋದೆ. ಅವರ ಕೋಣೆಯಲ್ಲೂ ಫೋನು ಹಿಡಿದು ಸುತ್ತಿ, "ನಿಮ್ಮ ಪಲಂಗ ಇರೋ ಜಾಗಾ ಬರೋಬ್ಬರಿ ಇಲ್ರಿ. ಈ ಕಡಿ ಸರಸ್ರಿ, ಛಲೋ ಬರ್ತದ" ಎಂದು ಹೇಳಿ ಬಂದೆ.

ನಾವು ಆ ಮನೆಗೆ ಬಂದ ಮೇಲೆ ಒಂದು ದಿನ ಆಕೆ ತಟ್ಟೆ ತುಂಬ ಶೇಂಗಾ ಹೋಳಿಗೆ ತಂದರು. "ನೀವು ಹೇಳಿದಂಗ ಪಲಂಗ ಸರಸಿದ್ವಿ ನೋಡ್ರಿ. ನಮ್ಮವರ ಮಂಡಿನೋವು ಹೋಗೇ ಬಿಡ್ತು!"

ನಾನು ಗಾಬರಿಯಾಗಿ, ಅದು ವಾಸ್ತು ಅಲ್ಲ, ಬರೇ ಫೋನಿನ ಸಿಗ್ನಲ್ಲು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆಕೆ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಅಂದರು: "ಯಾವ ಮಷೀನ್ ಇದ್ರ ಏನ್ರಿ, ಗುಣ ಬಂತಲ್ಲ! ನಮ್ಮ ತಂಗಿಗಿ ಸೊಂಟ ನೋವು ಅದ. ನಾಳಿ ಆಕೀ ಮನಿಗಿ ನಿಮ್ಮ ಫೋನ್ ತಗೊಂಡು ಹೋಗೂನು."

ಎಂದೂ ಕೆಡದ ನೆಟ್

ಸಿಗ್ನಲ್ಲಿನ ಕಡ್ಡಿಗಳನ್ನು ನಂಬಿ ಗಂಟೆಗಟ್ಟಲೆ ವಿಡಿಯೊ ಕೆಲಸ ಮಾಡಲಾಗುವುದಿಲ್ಲ, ಮನೆಗೊಂದು ವೈರು ಬೇಕೇ ಬೇಕು. ಆದರೆ ಯಾರದು? ಓಣಿಯಲ್ಲಿ ಕೇಳಿ ನೋಡೋಣ ಎಂದು ಹೊರಟೆ. ನನಗೆ ಹೀಗೆ ಕೇಳುವುದೆಂದರೆ ಖುಷಿ. ಒಬ್ಬರ ಮನೆಯ ನೆಟ್ ಬಗ್ಗೆ ಕೇಳಿದರೆ ಅವರ ಮನೆಯ ಎಲ್ಲಾ ವಿಷಯವೂ ಗೊತ್ತಾಗುತ್ತದೆ.

ಒಬ್ಬರು ತಮ್ಮ ಕಂಪನಿಗೆ ಬೈದರು. ಇನ್ನೊಬ್ಬರು ಇನ್ನೊಂದು ಕಂಪನಿಗೆ ಬೈದರು. ಮತ್ತೊಬ್ಬರ ಮನೆಯಲ್ಲಿ ಅತ್ತೆ ಛಲೋ ಅದ ಎಂದರು, ಸೊಸೆ ಇಲ್ಲ ಎಂದಳು; ನಾನು ಹೊರಗೆ ಬಂದ ಮೇಲೂ ಆ ಮಾತು ಮುಂದುವರಿದಿತ್ತು. ಕೊನೆಗೆ ಓಣಿಯ ತುದಿಯ ರಿಟೈರ್ಡ್ ಮಾಸ್ತರರ ಮನೆಗೆ ಹೋದೆ.

"ಸರ್, ನಿಮ್ಮ ಮನ್ಯಾಗ ನೆಟ್ ಹ್ಯಾಂಗದ್ರಿ?"

"ಅಗದಿ ಫಸ್ಟ್ ಕ್ಲಾಸ್!" ಎಂದರು ಮಾಸ್ತರರು. "ಹಾಕಿಸಿದ ದಿನದಿಂದ ಒಂದ್ ಸಲಾನೂ ತಕಲೀಫ್ ಕೊಟ್ಟಿಲ್ಲ."

"ಮಳಿ ಬಂದ್ರ?"

"ಏನೂ ಆಗಂಗಿಲ್ಲ."

"ಕರೆಂಟ್ ಹೋದ್ರ?"

"ಗೊತ್ತೇ ಆಗಂಗಿಲ್ಲ!"

ನನಗೆ ನಿಧಿ ಸಿಕ್ಕಂತಾಯಿತು. ಆ ಪೆಟ್ಟಿಗೆಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದೆ. ಒಳಗೆ ಕರೆದುಕೊಂಡು ಹೋದರು. ಶೋಕೇಸಿನ ಮೇಲೆ, ಮಗಳ ಮದುವೆಯ ಫೋಟೊದ ಪಕ್ಕ, ಕ್ರೋಶಾ ದಾರದಲ್ಲಿ ಹೆಣೆದ ಗುಲಾಬಿ ಬಣ್ಣದ ಹೊದಿಕೆ ಹೊದ್ದು ಕೂತಿತ್ತು. ಮಾಸ್ತರರ ಹೆಂಡತಿ ಹೊದಿಕೆಯನ್ನು ಮೆಲ್ಲಗೆ ತೆಗೆದರು. ಒಂದು ದೀಪವೂ ಉರಿಯುತ್ತಿರಲಿಲ್ಲ.

"ಬಂದ್ ಅದಲ್ರಿ?"

"ಬಂದ್ ಇರದೆ ಮತ್ತ?" ಎಂದರು ಮಾಸ್ತರರು. "ಅದು ಅಳಿಯಾ ಬಂದಾಗ ಹಚ್ಚಾಕ ತಂದದ್ದು. ಅಂವಾ ಇನ್ನೂ ಬಂದಿಲ್ಲ."

ಕೌದಿ

ಕಡೆಗೆ ನಮ್ಮ ಭಾಗದ ಕೇಬಲ್‌ನವರ ಹತ್ತಿರವೇ ವೈರು ಎಳೆಸಿದೆ. ಕಂಬದಿಂದ ಎದುರು ಮನೆಯ ಮಾಳಿಗೆಗೆ, ಅಲ್ಲಿಂದ ನಮ್ಮ ಕಿಟಕಿಗೆ. ಕೆಲವು ವಾರ ಸೊಗಸಾಗಿ ನಡೆಯಿತು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ವಾರವಿಡೀ ಚೆನ್ನಾಗಿರುವ ನೆಟ್ ರವಿವಾರ ಬೆಳಿಗ್ಗೆ ನಳಕ್ಕೆ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಸತ್ತು, ಸಂಜೆ ತಾನಾಗಿ ಬದುಕುತ್ತಿತ್ತು. ನನಗೆ ರವಿವಾರವೇ ಕೆಲಸ ಹೆಚ್ಚು. ಉಳಿದವರಿಗೆ ರಜೆ ಇರುವಾಗಲೇ ಮೀಟಿಂಗ್ ಇಟ್ಟುಕೊಳ್ಳುತ್ತಾರೆ.

ಕೇಬಲ್‌ನವರಿಗೆ ಫೋನ್ ಮಾಡಿದೆ. "ಮೇಡಂ, ಸರ್ವರ್ ಡೌನ್ ಇರಬೇಕ್ರಿ."

"ನಳದ ನೀರು ಬಂದಾಗೇ ಡೌನ್ ಆಗ್ತದೇನ್ರಿ ನಿಮ್ಮ ಸರ್ವರ್?"

ನೀರಿಗೂ ನೆಟ್ಟಿಗೂ ಏನು ಸಂಬಂಧ ಎಂಬ ಕುತೂಹಲಕ್ಕೆ ನನಗೆ ಊಟ ರುಚಿಸದಾಯಿತು. ಮುಂದಿನ ರವಿವಾರ ನೆಟ್ ಹೋದ ಕೂಡಲೇ ಎದ್ದು, ಕಿಟಕಿಯಿಂದ ವೈರನ್ನೇ ಕಣ್ಣಲ್ಲಿ ಹಿಡಿದುಕೊಂಡು ಎದುರು ಮನೆಯ ಮಾಳಿಗೆ ಹತ್ತಿದೆ.

ಅಲ್ಲಿ ನನ್ನ ನೆಟ್ಟಿನ ಮೇಲೆ ಒಂದು ದೊಡ್ಡ ಕೌದಿ ಒಣಗುತ್ತಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು, ಒಣಗಿದ್ದಾಗಲೇ ಎತ್ತಲಾಗದಂಥದ್ದು. ಈಗ ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ವೈರು ನೆಲ ಮುಟ್ಟುವಷ್ಟು ಜಗ್ಗಿತ್ತು. ಪಕ್ಕದಲ್ಲಿ ಎದುರು ಮನೆಯ ಅಜ್ಜಿ, ನಮ್ಮ ಓಣಿಗೆಲ್ಲ ಆಯಿ, ಇನ್ನೊಂದು ಕೌದಿ ಹಿಂಡುತ್ತಿದ್ದರು.

"ಆಯಿ, ಇದು ಇಂಟರ್ನೆಟ್ಟಿನ ವೈರ್ ಅದ!"

"ಹೌದೇನವ್ವ?" ಎಂದು ಆಯಿ ವೈರನ್ನು ಮೆಚ್ಚುಗೆಯಿಂದ ಮುಟ್ಟಿ ನೋಡಿದರು. "ಭಾಳ ಗಟ್ಟಿ ಅದ. ಪ್ಯಾಟ್ಯಾಗ ತಂದ ಹಗ್ಗ ಎರಡ ದಿನಾ ತಾಳಂಗಿಲ್ಲ. ಎಲ್ಲಿಂದ ತರಿಸಿದಿ?"

ಕೇಬಲ್‌ನವರನ್ನು ಕರೆಸಿದೆ. ಅವರು ಬಂದು ನೋಡಿ, ವೈರು ಮೇಲೆತ್ತಿ ಕಟ್ಟಬಹುದು, ಆದರೆ ಅದಕ್ಕೆ ಬೇರೆ ಕಂಬ ಬೇಕು, ಅಲ್ಲಿಯವರೆಗೆ ಹೊಂದಿಕೊಂಡು ಹೋಗಿ ಎಂದರು. ನಂತರ ಆಯಿಯ ಕಡೆ ತಿರುಗಿ ಬಹಳ ಗಂಭೀರವಾಗಿ ತಿಳಿಹೇಳಿದರು: "ಆಯಿ, ಸೀರಿ, ಟಾವೆಲ್, ಅಂಗಿ ಹಾಕ್ರಿ, ಅಡ್ಡಿ ಇಲ್ಲ. ಕೌದಿ ಮಾತ್ರ ಬ್ಯಾಡ. ಮೇಡಮ್ಮೋರು ತಗೊಂಡದ್ದು ಸಣ್ಣ ಪ್ಲ್ಯಾನ್ ಅದ."

ಭಾಲ್ಕಿಯ ಡಾಕ್ಟರು

ವೈರೊಂದನ್ನೇ ನಂಬಬಾರದು, ಕೈಯಲ್ಲಿ ಬೇರೆ ಕಂಪನಿಯ ಸಿಮ್ ಒಂದು ಇರಲೇಬೇಕು ಎಂಬ ಬುದ್ಧಿ ಕೌದಿಯಿಂದ ಬಂತು. ಪಂಚಮಿಗೆ ಭಾಲ್ಕಿಗೆ, ಅತ್ತೆಯ ಮನೆಗೆ ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವರು ಡಾಕ್ಟರು ಕೇಳಿದ ಹಾಗೆ ಕೇಳತೊಡಗಿದರು.

"ಮನಿ ಸ್ಲ್ಯಾಬೋ, ತಗಡೋ?"

"ಸ್ಲ್ಯಾಬ್ರಿ."

"ಕೂಡೋದು ಎಲ್ಲಿ? ಮುಂದಿನ ಕೋಲ್ಯಾಗೋ, ಹಿಂದೋ?"

"ಮುಂದ."

"ಬಾಗಲಾ ಯಾ ಕಡಿ?"

"ಪೂರ್ವಕ್ಕ."

"ಹ್ಞೂಂ" ಎಂದು ಕಣ್ಣು ಮುಚ್ಚಿ ಯೋಚಿಸಿದರು. "ಬಾಗಲಾ ಉತ್ತರಕ್ಕ ಇದ್ದಿದ್ರ ಬ್ಯಾರೆದು ಕೊಡ್ತಿದ್ದೆ. ಸಾಯಗಾಂವ ಕಡಿಯವರಿಗಿ ಈ ಕೆಂಪು ಡಬ್ಬಿದು, ಖಟಕ ಚಿಂಚೋಳಿ ಕಡಿಯವರಿಗಿ ಈ ನೀಲಿದು. ನಿಮಗ ಇದು."

ಇಷ್ಟು ತಿಳಿದವರನ್ನು ನಾನು ಬೀದರದಲ್ಲೂ ನೋಡಿರಲಿಲ್ಲ. ಅಷ್ಟರಲ್ಲಿ ಖಟಕ ಚಿಂಚೋಳಿಯ ಕಾಕಾ ಒಬ್ಬರು ರಿಚಾರ್ಜಿಗೆ ಬಂದರು. ಅಂಗಡಿಯವರು ಅವರನ್ನೇ ಸಾಕ್ಷಿ ಕೇಳಿದರು: "ಕಾಕಾ, ನಾ ಕೊಟ್ಟ ಸಿಮ್ ಹ್ಯಾಂಗದ, ಹೇಳ್ರಿ ಇವರಿಗಿ."

"ಭಾಳ ಛಲೋ ಅದ" ಎಂದರು ಕಾಕಾ. "ಹೊಲದಾಗ ಬರ್ತದ. ಮನ್ಯಾಗ ಬರಂಗಿಲ್ಲ."

"ಅಯ್ಯೋ, ಮನ್ಯಾಗೂ ಬರಂಗ ಬ್ಯಾರೆದು ಕೊಡ್ತೀನಿ ತಡೀರಿ!"

ಕಾಕಾ ಅವರ ಕೈ ಹಿಡಿದುಕೊಂಡರು. "ಬ್ಯಾಡಪಾ. ಮನ್ಯಾಗರ ಜರಾ ಆರಾಮ ಇರ್ತೀನಿ."

ನಾನು ಸಿಮ್ ತೆಗೆದುಕೊಂಡೆ. ಚಾಲೂ ಮಾಡಿಕೊಡಿ ಎಂದಾಗ ಅಂಗಡಿಯವರು ನನ್ನ ಫೋನ್ ಹಿಡಿದುಕೊಂಡು ಎದ್ದು, ಮೆಟ್ಟಿಲಿಳಿದು, ರಸ್ತೆ ದಾಟಿ ಎದುರಿನ ಚಹಾದಂಗಡಿಯ ಮುಂದೆ ನಿಂತರು. ಕೈ ಮೇಲೆತ್ತಿ ಎರಡು ಸುತ್ತು ತಿರುಗಿದರು. ವಾಪಸ್ ಬಂದ ಮೇಲೆ ಕೇಳಿದೆ, "ಇಲ್ಲೇ ಕೂತು ಮಾಡಬಹುದಿತ್ತಲ್ರಿ?"

"ನಮ್ಮ ಅಂಗಡ್ಯಾಗ ಯಾ ಕಂಪನಿದೂ ಬರಂಗಿಲ್ಲ ಮೇಡಂ."

"ಮತ್ತ ಏನರ ಅಡಚಣಿ ಆದ್ರ ನಿಮಗ ಫೋನ್ ಹ್ಯಾಂಗ ಹಚ್ಚೋದು?"

"ಚಹಾದಂಗಡಿಗಿ ಹಚ್ರಿ" ಎಂದರು. "ಒದರಿ ಕರೀತಾರ."

ಔರಾದದ ಕಾಯಿ

ಹೀಗೆ ಮನೆಗೊಂದು ವೈರು, ಕೈಗೊಂದು ಸಿಮ್ ಆದ ಮೇಲೆ ಇನ್ನು ನನಗೇನು ಭಯ ಎಂದುಕೊಂಡೆ. ಆಗ ಒಂದು ಕೆಲಸ ಬಂತು. ಅಂಥದ್ದನ್ನು ಅದುವರೆಗೆ ನಾನು ಮಾಡಿರಲಿಲ್ಲ. ಮದುವೆ ಮಾತುಕತೆ.

ಹುಡುಗಿ ದಾವಣಗೆರೆ ಕಡೆಯವಳು, ಹುಡುಗ ಲಾತೂರ ಕಡೆಯವನು. ಹೈದರಾಬಾದಿನ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಒಬ್ಬರನ್ನೊಬ್ಬರು ಒಪ್ಪಿಕೊಂಡಿದ್ದರು. ಹಿರಿಯರು ಮಾತ್ರ ಒಪ್ಪಬೇಕಿತ್ತು. ಹುಡುಗಿಯ ಮನೆಯವರಿಗೆ ಮರಾಠಿ ಬಾರದು, ಹುಡುಗನ ಮನೆಯವರಿಗೆ ಕನ್ನಡ ಬಾರದು. ಮಕ್ಕಳೇ ಅನುವಾದ ಮಾಡಲಿ ಎಂದರೆ, "ಅವರು ಬರೀ ಚೆನ್ನಾಗಿರೋದನ್ನೇ ಹೇಳ್ತಾರೆ" ಎಂದು ಹುಡುಗಿಯ ತಂದೆ ಒಪ್ಪಲಿಲ್ಲ. ಹಿಂದಿಯಲ್ಲಿ ಮಾತಾಡಿದರೆ ಬೀಗರ ಹತ್ತಿರವಲ್ಲ, ಬ್ಯಾಂಕಿನವರ ಹತ್ತಿರ ಮಾತಾಡಿದ ಹಾಗಿರುತ್ತದೆ ಎಂದೂ ಅಂದರಂತೆ. ಹುಡುಗನ ತಾಯಿಗೆ ಬೇರೆಯೇ ಅಳುಕು: ಇಷ್ಟು ದೂರದ ಹುಡುಗಿ, ನಾಳೆ ಮನೆಗೆ ಬಂದರೆ ನಾವಿಬ್ಬರೂ ಏನು ಮಾತಾಡುವುದು? ಈ ಕಾಲ್‌ನಲ್ಲಿ ಮನಸ್ಸು ಒಪ್ಪಿದರೆ ಸರಿ, ಇಲ್ಲದಿದ್ದರೆ ಬೇಡ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಹುಡುಗ, ಹುಡುಗಿ ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿ, "ನೆಟ್ ಚೆನ್ನಾಗಿದೆ ತಾನೆ?" ಎಂದು ಕೇಳಿದ್ದರು.

ಚೆನ್ನಾಗಿಯೇ ಇತ್ತು, ಬೀದರದಲ್ಲಿ. ಆದರೆ ಎರಡೂ ಮನೆಯವರು ಪಂಚಾಂಗ ನೋಡಿ ಒಂದು ಮುಹೂರ್ತ ಗೊತ್ತು ಮಾಡಿದರು. ಅದು ಔರಾದದಲ್ಲಿ ನನ್ನ ತಂಗಿಯ ಮಗಳನ್ನು ತೊಟ್ಟಿಲಿಗೆ ಹಾಕುವ ದಿನವೇ ಆಗಿತ್ತು. ಮುಹೂರ್ತ ಸರಿಯದು, ತೊಟ್ಟಿಲೂ ಸರಿಯದು. ಲ್ಯಾಪ್‌ಟಾಪು, ಸಿಮ್ಮು ಕಟ್ಟಿಕೊಂಡು ಔರಾದಕ್ಕೇ ಹೋದೆ.

ಮನೆಯೊಳಗೆ ಜನವೋ ಜನ. ತಂಗಿಯ ಗಂಡ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ತೋರಿಸಿದ. "ಅಕ್ಕಾ, ನೀರಿನ ಟಾಕಿ ಹಂತ್ಯಾಕ ಕೂತ್ರ ನಮ್ಮ ಕರ್ನಾಟಕದ ಟವರ್ ಬರ್ತದ. ಮೆಟ್ಟಲ ಹಂತ್ಯಾಕ ಕೂತ್ರ ಮಹಾರಾಷ್ಟ್ರದ್ದು."

"ಯಾವುದು ಛಲೋ?"

"ಅದು ಗಾಳಿ ಮ್ಯಾಲ ಅದ."

ಟಾಕಿಯ ನೆರಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ನೆಟ್ ಫೋನಿನಿಂದ ಬರಬೇಕಾದ್ದರಿಂದ, ಸಿಗ್ನಲ್ ಚೆನ್ನಾಗಿದ್ದ ಕಟ್ಟೆಯ ಮೇಲೆ ಫೋನನ್ನು ಬಿಸಿಲಿಗೇ ಇಟ್ಟೆ. ಮುಹೂರ್ತಕ್ಕೆ ಸರಿಯಾಗಿ ಪರದೆ ತೆರೆಯಿತು. ಒಂದು ಕಡೆ ಲಾತೂರದವರು ಸೋಫಾ ತುಂಬ, ಇನ್ನೊಂದು ಕಡೆ ದಾವಣಗೆರೆಯವರು ಜಮಖಾನೆ ತುಂಬ. ನಮಸ್ಕಾರಗಳನ್ನು ದಾಟಿಸಿದೆ. ಮಳೆ ಬೆಳೆ ದಾಟಿಸಿದೆ. ಜೋಳದ ರೊಟ್ಟಿ ಎರಡೂ ಕಡೆ ತಿನ್ನುತ್ತಾರೆ ಎಂದು ಗೊತ್ತಾದಾಗ ಹುಡುಗನ ತಾಯಿಯ ಮುಖ ಮೊದಲ ಸಲ ಸಡಿಲವಾಯಿತು. ಆಗ ಹುಡುಗಿಯ ತಂದೆ ಗಂಟಲು ಸರಿಮಾಡಿಕೊಂಡು, "ಅವರಿಗೆ ನಮ್ಮ ಹುಡುಗಿ ಒಪ್ಪಿಗೆನಾ, ಕೇಳಿ ಮೇಡಂ" ಎಂದರು.

ನಾನು ಬಾಯಿ ತೆರೆದೆ. ಪರದೆ ಹಾಗೇ ನಿಂತುಬಿಟ್ಟಿತು.

ಕಟ್ಟೆಯ ಕಡೆ ನೋಡಿದರೆ ಫೋನೇ ಇಲ್ಲ! ಮೆಟ್ಟಿಲಿಳಿದು ಓಡಿದೆ. ತಂಗಿಯ ಅತ್ತೆ ಎದುರಾದರು. "ನಿನ್ನ ಫೋನ್ ಬಿಸಲಾಗ ಸುಡ್ಲತಿತ್ತವ್ವ. ಪಾಪ ಅಂತ ತಂದು ತಂಪಿಗಿ ಇಟ್ಟೀನಿ."

"ಎಲ್ಲಿ ಅತ್ತಿ?"

"ಅಡಿಗಿ ಮನ್ಯಾಗ, ನೀರಿನ ಕೊಡದ ಮಗ್ಗಲಕ."

ತೊಟ್ಟಿಲಿನ ಸುತ್ತ ಹಾಡುತ್ತಿದ್ದ ಹೆಂಗಸರನ್ನು ದಾಟಿ, ಕೊಡದ ಪಕ್ಕದಿಂದ ತಣ್ಣಗಾದ ಫೋನ್ ಕಿತ್ತುಕೊಂಡು ಮತ್ತೆ ಮಾಳಿಗೆಗೆ ಬಂದೆ. ಇಬ್ಬರ ಬದುಕಿನ ಪ್ರಶ್ನೆ, ನನ್ನ ಬಾಯಿಯ ತುದಿಯಲ್ಲಿ ನಿಂತಿತ್ತು. ನೆಟ್ ಬಂತು. ಪರದೆ ಅಲುಗಿತು.

ದಾವಣಗೆರೆಯಲ್ಲಿ ಹುಡುಗಿಯ ಉಡಿಯಲ್ಲಿ ದೊಡ್ಡದೊಂದು ತೆಂಗಿನಕಾಯಿ. ಹಣೆ ತುಂಬ ಕುಂಕುಮ. ಹುಡುಗಿಯ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಲಾತೂರದಲ್ಲಿ ಹುಡುಗನ ತಾಯಿ ಪೇಢೆಯ ಡಬ್ಬಿ ಬಿಚ್ಚುತ್ತಿದ್ದಾರೆ. ಹುಡುಗ ಬೆರಗಾಗಿ ಕೂತಿದ್ದಾನೆ.

"ಸರ್, ಏನಾಯ್ತು?" ಎಂದು ಹುಡುಗಿಯ ತಂದೆಯನ್ನು ಕೇಳಿದೆ.

"ಎಲ್ಲಾ ಮುಗೀತು ಮೇಡಂ!" ಎಂದರು ಅವರು. "ನೀವು ಹೋದ್ರಲ್ಲ, ನಾನೇ ಧೈರ್ಯ ಮಾಡಿ ಜೋರಾಗಿ, ಒಪ್ಪಿಗೆನಾ ಅಂತ ಕನ್ನಡದಲ್ಲೇ ಕೇಳಿದೆ. ಅವರು ತಕ್ಷಣ ಉಡಿ ತುಂಬೋಕೆ ಕಾಯಿ ಕೇಳಿದ್ರು. ಅವರ ಹೆಸರಲ್ಲಿ ನಾವೇ ಉಡಿ ತುಂಬಿಬಿಟ್ವಿ."

"ಕಾಯಿ ಯಾರು ಕೇಳಿದ್ರು?"

"ಬೀಗರೇ! ಬಾಯಿಬಿಟ್ಟು ಎಷ್ಟು ಸಲ ಕೇಳಿದ್ರು! ಕಾಯ್? ಕಾಯ್? ಕಾಯ್? ಅಂತ."

ನಾನು ಹಣೆ ಹಿಡಿದುಕೊಂಡೆ. ಮರಾಠಿಯಲ್ಲಿ 'ಕಾಯ್' ಎಂದರೆ 'ಏನು' ಎಂದರ್ಥ. ಪಾಪ ಅವರಿಗೆ ದನಿ ಸರಿಯಾಗಿ ಕೇಳಿಸದೆ, ಏನು, ಏನು, ಏನು ಎಂದು ಕೂಗಿದ್ದಾರೆ. ಆಮೇಲೆ ಆ ಕಡೆ ಕಾಯಿ, ಕುಂಕುಮ ಕಂಡು, ಏನೋ ಶುಭ ನಡೆದಿದೆ ಎಂದು ಪೇಢೆ ಬಿಚ್ಚಿದ್ದಾರೆ.

ಹೇಳದೆ ಇರುವುದು ಸರಿಯಲ್ಲ. ಹುಡುಗನ ತಾಯಿಗೆ ನಡೆದದ್ದನ್ನೆಲ್ಲ ಮರಾಠಿಯಲ್ಲಿ ವಿವರಿಸಿ, "ನಿಮ್ಮ ಮನಸ್ಸಿನಲ್ಲಿ ಏನಿದೆ, ಈಗ ಹೇಳಿರಿ" ಎಂದೆ. ಹುಡುಗ ಕಣ್ಣು ಮುಚ್ಚಿಕೊಂಡ. ಆಕೆ ಪೇಢೆಯ ಡಬ್ಬಿ ಹಿಡಿದುಕೊಂಡೇ ಹೊಟ್ಟೆ ಹಿಡಿದು ನಕ್ಕರು. ಕಣ್ಣೀರು ಬರುವಷ್ಟು ನಕ್ಕರು. "ಏನು ಎಂದು ಕೇಳಿದ್ದಕ್ಕೇ ತೆಂಗಿನಕಾಯಿ ತಂದು ಮಗಳ ಉಡಿ ತುಂಬಿದವರ ಹತ್ತಿರ ನನಗೆ ಮಾತಿಗೇನು ಕೊರತೆ? ಒಪ್ಪಿಗೆ ಎಂದು ಹೇಳಿಬಿಡಿ" ಎಂದರು. ಅದನ್ನು ನಾನೂ ನಗುತ್ತಲೇ ಕನ್ನಡಕ್ಕೆ ದಾಟಿಸಿದೆ. ದಾವಣಗೆರೆಯ ಜಮಖಾನೆ ಪೂರ್ತಿ ಎದ್ದು ನಿಂತು ನಕ್ಕಿತು.

ಆ ಗದ್ದಲದಲ್ಲಿ, ಸೋಫಾದ ಅಂಚಿನಲ್ಲಿ ಅದುವರೆಗೆ ಸುಮ್ಮನೆ ಕೂತಿದ್ದ ಹುಡುಗನ ಅಜ್ಜನಿಗೆ ಯಾಕೆ ಎಲ್ಲರೂ ನಗುತ್ತಿದ್ದಾರೆ ಎಂದು ತಿಳಿಯಲಿಲ್ಲ. ಕಿವಿಗೆ ಕೈ ಹಚ್ಚಿ, ಪರದೆಯ ಹತ್ತಿರ ಬಾಗಿ, ಗಟ್ಟಿಯಾಗಿ ಕೇಳಿದರು: "ಕಾಯ್?"

ದಾವಣಗೆರೆ ಕಡೆ, ಹಿಂದಿನ ಸಾಲಿನಲ್ಲಿದ್ದ ಹುಡುಗಿಯ ಅಜ್ಜಿ ಗಡಬಡಿಸಿ ಎದ್ದರು. "ಏಯ್, ಅವರ ಮನೆ ಹಿರೇರು ಕೇಳ್ತಾ ಇದಾರೆ ಕಣ್ರೇ! ಇನ್ನೊಂದು ತಗಂಡ್ ಬರ್ರಿ!"